ಹಾರ್ಮೋನಿಯಂ ಕೊನೆಗೂ ಗಿಟಾರ್‌ಗೆ ಸೇರಿತು

ಸೇರಿತು! ಹಾರ್ಮೋನಿಯಂ ಕೊನೆಗೂ ಗಿಟಾರ್ ಶ್ರುತಿಗೆ ಬಂತು. ರೀಡ್ ಕೆರೆಯಲಿಲ್ಲ, ತಂತಿ ಬಿಗಿ ಮಾಡಲಿಲ್ಲ, ಸ್ವರ ತಿದ್ದುವ ಆಟೋಟ್ಯೂನ್ ಸಾಫ್ಟ್‌ವೇರ್ ಮುಟ್ಟಲಿಲ್ಲ. ಹೇಗೆ ಅಂತ ಹೇಳುವ ಮೊದಲು, ನಿರ್ವಾಣ ಬ್ಯಾಂಡಿನ 'ಸಮ್‌ಥಿಂಗ್ ಇನ್ ದ ವೇ' ಅನ್ನುವ ಈ ಒಂದು ಹಾಡು ಯಾಕೆ ಇಷ್ಟು ಕಾಡಿತು ಅಂತ ಹೇಳಬೇಕು.

ಹೊಸಬರಿಗೆ ಒಂದು ಮಾತು. ದುಃಖದ ಆಲ್ಟರ್ನೇಟಿವ್ ರಾಕ್ ಹಾಡುಗಳನ್ನು ಪಕ್ಕಪಕ್ಕ ಇಟ್ಟು, ಬಿಚ್ಚಿ, ಮತ್ತೆ ನುಡಿಸಿ ನೋಡುವ ಕೆಲಸ ಇದು. ಒಂದು ಸಲಕ್ಕೆ ಒಂದೇ ಒಂದು ಅಂಶ ಬದಲಿಸುತ್ತೇನೆ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಇಲ್ಲ ವೇಗ, ಇಲ್ಲ ದನಿ. ಯಾವುದನ್ನು ತೆಗೆದಾಗ ಹೊಟ್ಟೆಯೊಳಗಿನ ಸಂಕಟ ಹೋಗುತ್ತದೋ, ಆ ಹಾಡಿನ ಜೀವ ಅಲ್ಲಿದೆ ಅಂತ ಲೆಕ್ಕ.

ಮೈನರ್ ಕಾರ್ಡ್ ಹಾಕಿದರೆ ಹಾಡು ಅಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸುಮ್ನೆ ಹೇಳೋ ಮಾತು ಅದು. ರೇಡಿಯೋಹೆಡ್ ಬ್ಯಾಂಡಿನ 'ಕ್ರೀಪ್' ತಗೊಳ್ಳಿ, 1992ರ ಹಾಡು. ಇಡೀ ಹಾಡಿಗೆ ನಾಲ್ಕೇ ಕಾರ್ಡ್: ಜಿ, ಬಿ, ಸಿ, ಸಿ ಮೈನರ್. ಮೊದಲ ಮೂರೂ ಮೇಜರ್, ಅಂದರೆ ಖುಷಿಯ ಕಾರ್ಡ್ ಅಂತ ಹೆಸರಾದವು. ಆದರೂ ಎದೆ ಹಿಂಡುತ್ತದೆ. ಯಾಕೆ ಅಂತ ಗಿಟಾರ್ ಮೇಲೆ ನನಗೆ ಕಾಣಲೇ ಇಲ್ಲ. ತೋರಿಸಿಕೊಟ್ಟಿದ್ದು ಹಾರ್ಮೋನಿಯಂ.

ನನ್ನ ಗೆಳೆಯನ ಮನೆಯಲ್ಲಿ ಹಿಂದಿನಿಂದಲೂ ಕಂಪನಿ ನಾಟಕಗಳಿಗೆ ಪೆಟ್ಟಿಗೆ, ಅಂದರೆ ಹಾರ್ಮೋನಿಯಂ, ನುಡಿಸಿದವರಿದ್ದಾರೆ. ಅವನು ಬಿಳಿ ಐದನ್ನು, ಅಂದರೆ ಜಿ ಸ್ವರದ ಐದನೇ ಬಿಳಿ ಮನೆಯನ್ನು (ಮನೆ ಅಂದರೆ ಒತ್ತುವ ಕೀ), ಸ ಮಾಡಿಕೊಂಡು ಈ ನಾಲ್ಕು ಕಾರ್ಡ್ ನಿಧಾನಕ್ಕೆ ಒತ್ತಿದ. ಒತ್ತುತ್ತಾ ಒತ್ತುತ್ತಾ ಬೇರೆ ಬೆರಳು ಬಿಟ್ಟು ಒಂದೇ ಬೆರಳಿನ ಸ್ವರ ಉಳಿಸಿಕೊಂಡ. ಜಿ ಕಾರ್ಡ್‌ನಲ್ಲಿ ಪ. ಬಿ ಕಾರ್ಡ್‌ನಲ್ಲಿ ಕೋಮಲ ಧ. ಸಿ ಕಾರ್ಡ್‌ನಲ್ಲಿ ಶುದ್ಧ ಧ. ಸಿ ಮೈನರ್‌ನಲ್ಲಿ ಮತ್ತೆ ಕೋಮಲ ಧ. ಸುತ್ತಿ ಬಂದು ಜಿ, ಮತ್ತೆ ಪ. ಬೆರಳು ಪಕ್ಕಪಕ್ಕದ ಮನೆಗೇ ಹೋಗುತ್ತದೆ. ಎರಡು ಮನೆ ಹತ್ತುತ್ತದೆ, ಎರಡು ಮನೆ ಇಳಿಯುತ್ತದೆ. ಹೊರಟ ಜಾಗಕ್ಕೇ ವಾಪಸ್. ಹಾಡು ಮುಗಿಯುವ ತನಕ ಇದೇ.

'ನೋಡು, ಮೇಲೆ ಹೋದಾಗ ಆಸೆ ಹುಟ್ಸುತ್ತೆ, ಆಮೇಲೆ ಕಿತ್ಕೊಳ್ಳುತ್ತೆ' ಅಂದ. ಸಿ ಮೈನರ್ ತೆಗೆದು ಬರೀ ಸಿ ಇಟ್ಟು ರೆಕಾರ್ಡ್ ಮಾಡಿದೆವು. ಶುದ್ಧ ಧ ಅಲ್ಲೇ ನಿಂತಿತು, ಸಂಕಟ ಪೂರ್ತಿ ಮಾಯ. ಕಾಲೇಜ್ ಡೇ ಹಾಡಿನ ಥರ ಆಯಿತು. ಎ ಮೈನರ್ ಇಟ್ಟರೆ ಬೇಜಾರು ಬರುತ್ತದೆ, ಎದೆ ಒಡೆಯುವುದಿಲ್ಲ. ಅಂದರೆ ಮೈನರ್ ಅಂತ ಅಲ್ಲ. ಈಗಷ್ಟೇ ಕೊಟ್ಟ ಸ್ವರವನ್ನು ಒಂದು ಮನೆ ಕೆಳಗೆ ಎಳೆಯುವುದೇ ಅದರ ಕೆಲಸ.

ಇದು ಗೊತ್ತಾದ ಮೇಲೆ ಅದೇ ಬ್ಯಾಂಡಿನ 1997ರ 'ನೋ ಸರ್‌ಪ್ರೈಸಸ್' ತಾನಾಗಿ ಬಿಚ್ಚಿಕೊಂಡಿತು. ಸ ಬಿಳಿ ನಾಲ್ಕು. ಅಲ್ಲೂ ಎಫ್ ಮೇಜರ್ ಪಕ್ಕ ಬಿ ಫ್ಲ್ಯಾಟ್ ಮೈನರ್ ಬರುತ್ತದೆ, ಅಲ್ಲೂ ಶುದ್ಧ ಧ ಇರಬೇಕಾದ ಕಡೆ ಕೋಮಲ ಧ ಇಣುಕುತ್ತದೆ. ಮೇಲೆ ಲೋಹದ ಪಟ್ಟಿ ಬಡಿದು ನುಡಿಸುವ ಗ್ಲಾಕೆನ್‌ಸ್ಪೀಲ್ ಮಕ್ಕಳ ಆಟಿಕೆ ಹಾಗೆ ಟಿಂಗ್ ಟಿಂಗ್ ಅನ್ನುತ್ತಿರುತ್ತದೆ. ಆ ಮುದ್ದು ಸದ್ದು ತೆಗೆದು ಬರೀ ಗಿಟಾರ್ ಇಟ್ಟು ನೋಡಿದೆ. ದುಃಖ ಕಡಿಮೆಯಾಯಿತು, ಜಾಸ್ತಿ ಆಗಲಿಲ್ಲ! ಈ ಹಾಡಿನ ಇನ್ನೊಂದು ಗುಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ವಾದ್ಯಗಳನ್ನು ಸ್ವಲ್ಪ ವೇಗವಾಗಿ ನುಡಿಸಿ, ಆಮೇಲೆ ಟೇಪ್ ನಿಧಾನ ಮಾಡಿ, ಅದರ ಮೇಲೆ ಹಾಡಿದ್ದಾರೆ.

ಉಳಿದವುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಪರ್ಲ್ ಜ್ಯಾಮ್‌ನ 'ಬ್ಲ್ಯಾಕ್', ಆಲಿಸ್ ಇನ್ ಚೈನ್ಸ್‌ನ 'ನಟ್‌ಶೆಲ್', ಎರಡರಲ್ಲೂ ಹಾಡುವವನ ಮಾತು ಮುಗಿದ ಮೇಲೂ ಹಾಡು ಮುಗಿಯುವುದಿಲ್ಲ. ಮೊದಲನೆಯದರಲ್ಲಿ ಮಾತಿಲ್ಲದ ರಾಗ ಉಳಿಯುತ್ತದೆ, ಎರಡನೆಯದರಲ್ಲಿ ಗಿಟಾರ್. ಆ ಕೊನೆ ಭಾಗ ಕತ್ತರಿಸಿ ಕೇಳಿ, ಅರ್ಧ ಭಾರ ಇಳಿದುಹೋಗುತ್ತದೆ. ಆರ್‌ಇಎಂನ 'ಎವ್ರಿಬಡಿ ಹರ್ಟ್ಸ್' ನನ್ನ ಪಟ್ಟಿಯಿಂದ ಹೊರಗೆ. ತುಂಬ ಒಳ್ಳೆಯ ಹಾಡು. ಆದರೆ ಅದು ಅಳಿಸುವುದಕ್ಕೆ ಬಂದದ್ದಲ್ಲ, ಹೆಗಲ ಮೇಲೆ ಕೈ ಇಡುವುದಕ್ಕೆ ಬಂದದ್ದು. 'ಹರ್ಟ್' ಬಗ್ಗೆ ಎಲ್ಲರೂ ಜಗಳ ಆಡುತ್ತಾರೆ, ನೈನ್ ಇಂಚ್ ನೇಲ್ಸ್ ಹಾಡಿದ 1994ರದ್ದೋ ಅಥವಾ ಜಾನಿ ಕ್ಯಾಶ್ ಹಾಡಿದ 2002ರದ್ದೋ ಅಂತ. ನನ್ನ ವೋಟು ಮೂಲಕ್ಕೆ. ಅದರ ಗಿಟಾರ್‌ನಲ್ಲಿ ಬೇಕಂತಲೇ ಇಟ್ಟ ಒಂದು ಕರ್ಕಶ ಸ್ವರ ಇದೆ, ಗಾಯ ಇನ್ನೂ ಹಸಿ ಅನ್ನಿಸುತ್ತದೆ. ಕ್ಯಾಶ್ ಹಾಡಿದಾಗ ಕಾರ್ಡ್‌ಗಳು ಸಾಫ್ ಆಗಿವೆ. ಅಲ್ಲಿ ನೋವಿರುವುದು ವಯಸ್ಸಾದ ಆ ಗಂಟಲಲ್ಲಿ.

ಈಗ ನನ್ನನ್ನು ಗೋಳು ಹೊಯ್ದುಕೊಂಡ ಹಾಡಿಗೆ ಬರೋಣ. ನಿರ್ವಾಣದ 'ಸಮ್‌ಥಿಂಗ್ ಇನ್ ದ ವೇ'. 1991ರ 'ನೆವರ್‌ಮೈಂಡ್' ಆಲ್ಬಂನದು.

ಇದರಲ್ಲಿ ಎರಡೇ ಕಾರ್ಡ್. ಒಂದು ಸ ಮೇಲೆ, ಇನ್ನೊಂದು ಕೋಮಲ ಧ ಮೇಲೆ. ಪಲ್ಲವಿಗೂ ಅದೇ, ಚರಣಕ್ಕೂ ಅದೇ. 'ಕ್ರೀಪ್' ಶುದ್ಧ ಧ ತೋರಿಸಿ ಕಿತ್ತುಕೊಳ್ಳುತ್ತದೆ. ಈ ಹಾಡು ಆ ಸ್ವರದ ಹತ್ತಿರವೂ ಸುಳಿಯುವುದಿಲ್ಲ. ಕಿತ್ತುಕೊಳ್ಳುವುದಕ್ಕೆ ಏನನ್ನೂ ಕೊಟ್ಟೇ ಇಲ್ಲವಲ್ಲ, ಹಾಗಿದ್ದರೆ ಇಷ್ಟು ನೋವು ಎಲ್ಲಿಂದ? ನನ್ನ ಲೆಕ್ಕವೆಲ್ಲ ಇಲ್ಲಿ ಕೆಟ್ಟಿತು. ಕಾರ್ಡ್ ಬದಲಿಸಿ ನೋಡಿದರೂ ಏನೂ ತಿಳಿಯಲಿಲ್ಲ. ಯಾಕಂದರೆ ಬದಲಿಸುವ ಮೊದಲೇ, ಸರಿಯಾಗಿ ನುಡಿಸಿದರೂ, ನನ್ನ ರೆಕಾರ್ಡಿಂಗ್‌ನಲ್ಲಿ ದುಃಖವೇ ಇರಲಿಲ್ಲ. ಶ್ರುತಿ ನೋಡುವ ಟ್ಯೂನರ್ ಹಸಿರು ದೀಪ ತೋರಿಸುತ್ತಿದೆ, ತಾಳಕ್ಕೆ ಅಂತ ಕಿವಿಗೆ ಕೊಡುವ ಟಿಕ್ ಟಿಕ್ ಸದ್ದಾದ ಕ್ಲಿಕ್‌ಗೆ ಕೂದಲೆಳೆಯಷ್ಟೂ ತಪ್ಪಿಲ್ಲ, ಹಾಡು ಮಾತ್ರ ಹೆಣ.

ಆಗ ಅದನ್ನು ರೆಕಾರ್ಡ್ ಮಾಡಿದ ಬಗೆಯನ್ನೇ ಹಿಡಿದು ಹೊರಟೆ. ನಿರ್ವಾಣದ ಗಾಯಕ ಕರ್ಟ್ ಕೋಬೇನ್ ಸ್ಟುಡಿಯೋದ ಕಂಟ್ರೋಲ್ ರೂಮಿನ ಸೋಫಾ ಮೇಲೆ ಮಲಗಿಕೊಂಡು, ಐದೇ ತಂತಿಯ ಹಳೇ ಅಕೂಸ್ಟಿಕ್ ಗಿಟಾರ್ ಹಿಡಿದು, ಪಿಸುಮಾತಿನಲ್ಲಿ ಹಾಡಿದ್ದು. ನಿರ್ಮಾಪಕ ಬುಚ್ ವಿಗ್ ಕೋಣೆಯಲ್ಲಿ ಸದ್ದು ಮಾಡುವುದನ್ನೆಲ್ಲ ಬಂದ್ ಮಾಡಿ, ಅಲ್ಲೇ ಮೈಕ್ ಇಟ್ಟು ಹಿಡಿದರು. ಕ್ಲಿಕ್ ಇಲ್ಲ. ಗಿಟಾರ್ ಯಾವ ಸರಿಯಾದ ಶ್ರುತಿಯಲ್ಲೂ ಇಲ್ಲ. ಬಾಸ್, ಡ್ರಮ್ಸ್, ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ಎಲ್ಲ ಆಮೇಲೆ ಅದರ ಮೇಲೆ ಕೂರಿಸಿದ್ದು, ಒದ್ದಾಡಿಕೊಂಡೇ. ಅಂದರೆ ಈ ಹಾಡಿನಲ್ಲಿ ಎಲ್ಲರೂ ಒಬ್ಬ ಸೋತುಹೋದ ಮನುಷ್ಯನ ಶ್ರುತಿಗೆ, ಅವನ ನಿಧಾನಕ್ಕೆ, ತಾವೇ ಬಂದು ಸೇರಿಕೊಂಡಿದ್ದಾರೆ. ಅವನು ಯಾರಿಗೂ ಹೊಂದಿಕೊಂಡಿಲ್ಲ, ಹೊಂದಿಕೊಳ್ಳುವ ತ್ರಾಣವೇ ಅವನಿಗಿಲ್ಲ. ನನಗೆ ಕಂಡ ಮಟ್ಟಿಗೆ ಎದೆ ಒಡೆಯುವುದು ಇಲ್ಲೇ.

ಸರಿ, ಹಾಗೇ ಮಾಡೋಣ ಅಂತ ಕೂತೆ. ಹಳೇ ಗಿಟಾರ್‌ಗೆ ನೈಲಾನ್ ತಂತಿ ಬೇಕಿತ್ತು. ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದೆ, ಬಂದದ್ದು ಸ್ಟೀಲ್. ವಾಪಸ್ ಕಳಿಸಿದೆ, ಮತ್ತೆ ಸ್ಟೀಲೇ ಬಂತು, ಪ್ಯಾಕೆಟ್ ಮೇಲೆ ಮಾತ್ರ ನೈಲಾನ್ ಅಂತ ಸ್ಟಿಕ್ಕರ್! ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದರೆ 'ನಾಳೆ ಪಾರ್ಸಲ್ ಹಾಕ್ತೀನಿ ಸಾರ್' ಅಂತ ಪ್ರತಿ ಸಲವೂ ಅದೇ ಉತ್ತರ. ನಮ್ಮ ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ನಡುರಾತ್ರಿ ಕೇಳಿದರೂ ದಾರಿ ಹೇಳುವವರಿದ್ದಾರೆ, ನೈಲಾನ್ ತಂತಿ ಕೇಳಿದರೆ ಮಂಡಿಪೇಟೆಯ ಅಂಗಡಿಯವರು ಬಟ್ಟೆ ಒಣಹಾಕುವ ಹಗ್ಗ ತೋರಿಸುತ್ತಾರೆ. ಕೊನೆಗೆ ಪಾರ್ಸಲ್ ಬಂತು, ಅದರಲ್ಲಿ ಒಂದು ತಂತಿ ಕಮ್ಮಿ. ಈ ಹಾಡಿಗೆ ಐದೇ ಸಾಕಲ್ವಾ, ಜಗಳ ಆಡದೆ ಹಾಕಿಬಿಟ್ಟೆ.

ಏಪ್ರಿಲ್‌ನ ದಾವಣಗೆರೆಯಲ್ಲಿ ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ ರೆಕಾರ್ಡ್ ಮಾಡುವುದು ಏನು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪಿಸುಮಾತು ಹಿಡಿಯಲು ಮೈಕಿನ ಗೇನ್ ಏರಿಸಿದರೆ ಅಶೋಕ ರಸ್ತೆ ಗೇಟಿನ ಕಡೆಯಿಂದ ರೈಲಿನ ಹಾರ್ನ್ ನೇರ ಟ್ರ್ಯಾಕ್‌ಗೆ ಬಂದು ಕೂರುತ್ತದೆ. ನಡುರಾತ್ರಿ ದಾಟಿದ ಮೇಲೆ, ಎರಡು ರೈಲಿನ ನಡುವೆ ಸಿಕ್ಕಿದ ಬಿಡುವಿನಲ್ಲಿ ಹಿಡಿದೆ. ಗಿಟಾರ್ ಅನ್ನು ಟ್ಯೂನರ್‌ಗೆ ತೋರಿಸಲೇ ಇಲ್ಲ. ನಾನು ಸ್ವಲ್ಪವೂ ಒತ್ತದೆ, ಉಸಿರಿನಲ್ಲೇ ಹೇಳಬಹುದಾದ ಕೆಳಗಿನ ಸ್ವರ ಯಾವುದೋ ಅಲ್ಲಿಗೆ ತಂತಿ ಇಳಿಸಿದೆ. ಆ ಟೇಕ್ ಕೇಳಿದಾಗ ಮೈ ಜುಮ್ ಅಂದಿತು. ಇದೇ, ಇದೇ ಬೇಕಿದ್ದದ್ದು.

ಚೆಲ್ಲೋ ಜಾಗಕ್ಕೆ ಹಾರ್ಮೋನಿಯಂ ಅಂತ ಮೊದಲೇ ತೀರ್ಮಾನ ಆಗಿತ್ತು. ಗೆಳೆಯ ಪೆಟ್ಟಿಗೆ ತಂದ, ಹೆಡ್‌ಫೋನ್ ಹಾಕಿಕೊಂಡ, ತಲೆ ಅಲ್ಲಾಡಿಸಿದ. ನನ್ನ ಸ ಬಂದು ನಿಂತಿರುವುದು ಬಿಳಿ ಮೂರಕ್ಕೂ ಬಿಳಿ ನಾಲ್ಕಕ್ಕೂ ನಡುವೆ. ಅಲ್ಲಿ ಕರಿ ಮನೆ ಕೂಡ ಇಲ್ಲ! ಚೆಲ್ಲೋ ಆಗಿದ್ದರೆ ಕಿವಿ ತಿರುಪಿ ಇಳಿಸಬಹುದಿತ್ತು. ಪೆಟ್ಟಿಗೆಯ ರೀಡ್ ಹಿತ್ತಾಳೆಯದು. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಆದರೆ ಒಂದು ಹಾಡಿಗೋಸ್ಕರ ಅಜ್ಜನ ಕಾಲದ ಪೆಟ್ಟಿಗೆ ಕೆರೆಯುತ್ತಾರಾ? ನಾನೂ ಕೇಳಲಿಲ್ಲ, ಅವನೂ ಕೊಡುತ್ತಿರಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಬರೀ ಸ್ವರ ಇಳಿಸಿ ನೋಡಿದೆವು. ಹಾರ್ಮೋನಿಯಂ ನೀರಿನೊಳಗಿಂದ ಮಾತಾಡಿದಂತಾಯಿತು. ಗಿಟಾರ್ ಟೇಕ್ ಏರಿಸೋಣ ಅಂದ. ಏರಿಸಿದರೆ ಆ ಸೋತ ದನಿ ಹೋಗುತ್ತದೆ. ಅದು ಮಾತ್ರ ಆಗಲ್ಲ ಅಂದೆ. ಆ ಟೇಕ್‌ಗೆ ಎಲ್ಲರೂ ಬಂದು ಸೇರಬೇಕು, ಅದು ಯಾರ ಹತ್ತಿರಕ್ಕೂ ಹೋಗಬಾರದು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಅವನ ಮನೆಯ ಅಟ್ಟದಲ್ಲಿ ಒಂದು ಕಾಲು ಪೆಟ್ಟಿಗೆ ಇದೆ, ಕಾಲಲ್ಲಿ ತಿದಿ ಒತ್ತಿ ಎರಡೂ ಕೈಯಲ್ಲಿ ನುಡಿಸುವಂಥದ್ದು. ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇದೇ ಊರಿನದು. ರಂಗಗೀತೆಗೆ ಕಾಲು ಪೆಟ್ಟಿಗೆ ಅಂದರೆ ಇಲ್ಲಿನ ಹಳಬರ ಮುಖ ಈಗಲೂ ಅರಳುತ್ತದೆ. ಅದಕ್ಕೆ ಎರಡು ಕಾಂಟ್ಯಾಕ್ಟ್ ಮೈಕ್ ಅಂಟಿಸಿ, ದನಿ ಒರಟು ಮಾಡುವ ಫಜ್ ಪೆಡಲ್ ಮೂಲಕ ಬಿಟ್ಟರೆ ಹೇಗಿರುತ್ತದೆ ಅಂತ ಯೋಚಿಸಿ. ಮುಂದಿನ ಪ್ರಾಜೆಕ್ಟ್ ಅದೇ. ತಿದಿಗೆ ತೇಪೆ ಹಾಕಬೇಕು, ಪೆಡಲ್‌ನ ಸರ್ಕ್ಯೂಟ್ ಅರ್ಧ ಬೆಸುಗೆ ಆಗಿದೆ. ಅದರ ಬಗ್ಗೆ ಇನ್ನೊಂದು ಸಲ ಪೂರ್ತಿ ಬರೆಯುತ್ತೇನೆ.

ದಾರಿ ತೋರಿಸಿದ್ದು 'ನೋ ಸರ್‌ಪ್ರೈಸಸ್'. ಟೇಪ್ ನಿಧಾನ ಮಾಡಿದರೆ ವೇಗದ ಜತೆ ಸ್ವರವೂ ಇಳಿಯುತ್ತದೆ, ಎರಡೂ ಒಟ್ಟಿಗೆ. ಬರೀ ಸ್ವರ ಇಳಿಸಿದಾಗ ಬರುವ ಆ ನೀರಿನ ಸದ್ದು ಇದರಲ್ಲಿ ಇರುವುದಿಲ್ಲ. ಪಕ್ಕದ ಒಂದು ಮನೆ ಇಳಿಸಬೇಕಾದರೆ ವೇಗ ಸುಮಾರು ಶೇಕಡಾ 5.6 ಕಡಿಮೆ ಆಗಬೇಕು. ನಾವು ಬೇಕಂತಲೇ ಜಾಸ್ತಿ ಇಳಿಸೋಣ ಅಂದುಕೊಂಡೆವು. ಗಿಟಾರ್ ಟೇಕನ್ನು ತಾತ್ಕಾಲಿಕವಾಗಿ ವೇಗ ಮಾಡಿ, ಅದರ ಸ ಕರಿ ಮೂರಕ್ಕೆ, ಅಂದರೆ ಬಿಳಿ ನಾಲ್ಕರ ಮೇಲಿನ ಕರಿ ಮನೆಗೆ, ಬರುವ ಹಾಗೆ ಅವನ ಹೆಡ್‌ಫೋನ್‌ಗೆ ಕೊಟ್ಟೆ. ಅವನು ಕರಿ ಮೂರರಲ್ಲಿ ಆರಾಮಾಗಿ ನುಡಿಸಿದ. ಆಮೇಲೆ ಗಿಟಾರ್ ಅನ್ನು ಮೊದಲಿನ ವೇಗಕ್ಕೆ ತಂದು, ಹಾರ್ಮೋನಿಯಂ ಟ್ರ್ಯಾಕನ್ನು ಶೇಕಡಾ 8ರಷ್ಟು ನಿಧಾನ ಮಾಡಿದೆ. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಮಾಡುವವರು ಸ್ವರ ಕಾಪಾಡುವ ಆಯ್ಕೆಯ ಟಿಕ್ ತೆಗೆಯುವುದು ಮರೀಬೇಡಿ. ಅಷ್ಟೇ. ಎರಡರ ನಡುವಿನ ಅಲುಗಾಟ ನಿಂತಿತು. ಬಿಳಿ ಮೂರು, ನಾಲ್ಕರ ಸಂದಿಯಲ್ಲಿ ಇಲ್ಲದ ಮನೆಯೊಳಗೆ ಹಾರ್ಮೋನಿಯಂ ಬಂದು ಕೂತಿತು.

ಕೇಳದೇ ಸಿಕ್ಕ ಲಾಭವೂ ಇದೆ. ತಿದಿಯ ಗಾಳಿ ಉದ್ದವಾಯಿತು. ಮನೆ ಒತ್ತುವಾಗಿನ ಕಟ್ ಅನ್ನುವ ಸದ್ದು ದಪ್ಪವಾಗಿ, ಮೆತ್ತಗಾಯಿತು. ಪೆಟ್ಟಿಗೆಯೇ ದಣಿದು ಉಸಿರು ಬಿಡುವ ಹಾಗಿದೆ. ಗೆಳೆಯ ಕೇಳಿ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ 'ಇದನ್ನ ಅಪ್ಪನಿಗೆ ಕೇಳಿಸ್ಬೇಕು' ಅಂದ. ಅಷ್ಟು ಸಾಕು ನನಗೆ.

ಇನ್ನು ಎರಡು ಕೆಲಸ ಬಾಕಿ. ಒಂದು, ದನಿಯನ್ನು ಎರಡು ಸಲ ಹಾಡಿ ಒಂದರ ಮೇಲೊಂದು ಇಡುವುದು. ಎಲಿಯಟ್ ಸ್ಮಿತ್ 1997ರ 'ಬಿಟ್ವೀನ್ ದ ಬಾರ್ಸ್'ನಲ್ಲಿ ಮಾಡಿದ ಹಾಗೆ. ಈ ಹಾಡಿಗೆ ಅದು ಹೊಂದುತ್ತದೋ ಇಲ್ಲವೋ ನೋಡಬೇಕು, ನನಗೆ ಅನುಮಾನವೇ. ಒಂಟಿತನದ ಹಾಡಿನಲ್ಲಿ ಇಬ್ಬರು ಇದ್ದಂತಾದರೆ ಕಷ್ಟ. ಎರಡು, ಡ್ರಮ್ಸ್. ಆರ್ಕೆಸ್ಟ್ರಾದಲ್ಲಿ ನುಡಿಸುವ ಹುಡುಗನನ್ನು ಕೇಳಿದ್ದೇನೆ, ಮದುವೆ ಸೀಸನ್ ಮುಗಿಯಲಿ ಅಂದಿದ್ದಾನೆ. ಕ್ಲಿಕ್ ಇಲ್ಲ ಅಂದ ಕೂಡಲೇ 'ಹಾಗಾದ್ರೆ ಯಾವುದನ್ನ ಹಿಡ್ಕೊಳ್ಳಿ?' ಅಂತ ಕೇಳಿದ. ಹಾಡುವವನ ಉಸಿರು ಹಿಡ್ಕೊ, ಪ್ರತಿ ಸಾಲಿಗೂ ಮೊದಲು ಕೇಳಿಸುತ್ತೆ ಅಂದೆ. ಉಸಿರನ್ನು ಜೋರು ಮಾಡಿ ಅವನಿಗೇ ಅಂತ ಒಂದು ಹೆಡ್‌ಫೋನ್ ಮಿಕ್ಸ್ ಮಾಡುತ್ತಿದ್ದೇನೆ, ನಾಳೆ ಕಳಿಸಬೇಕು.