ಮಿಕ್ಸಿ ಹಾಕ್ತೀನಿ ಕಣೇ

ಇವತ್ತು ಗೆಳತಿ ಅಡುಗೆಮನೆಯಿಂದ ಕೂಗಿದಳು. "ಮಿಕ್ಸಿ ಹಾಕ್ತೀನಿ ಕಣೇ, ಸ್ವಲ್ಪ ಆಚೆ ಹೋಗು."
ಅಷ್ಟೇ. ನನಗೆ ಅಳು ಬಂತು.

ಚಿಕ್ಕವಳಿದ್ದಾಗ ಆ ಸದ್ದಿಗೆ ಕಿವಿ ಮುಚ್ಚಿಕೊಂಡರೆ "ನಾಟಕ ಆಡಬೇಡ" ಅನ್ನುತ್ತಿದ್ದರು. ಯಾರೂ ಹೊಡೆಯಲಿಲ್ಲ. ಬೈದಿದ್ದೂ ಕಮ್ಮಿ. ಅದಕ್ಕೇ ಅದನ್ನು ಗಾಯ ಅಂತ ಗುರುತಿಸೋಕೆ ಇಷ್ಟು ವರ್ಷ ಬೇಕಾಯಿತು.
ಕೈ ಕೆಳಗಿಳಿಸಿ, ಹಲ್ಲು ಕಚ್ಚಿ, ನಗೋದು ಕಲಿತೆ. ಈಗಲೂ ಕುಕ್ಕರ್ ಕೂಗಿದರೆ ದವಡೆ ತಾನಾಗೇ ಬಿಗಿಯುತ್ತದೆ.

ಸದ್ದು, ಬೆಳಕು, ಮುಟ್ಟುವಿಕೆ ಜಾಸ್ತಿ ತಟ್ಟುವುದು ನನಗಿರುವ ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿದ್ದೇ 2013ರಲ್ಲಿ, ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5 ಬಂದಾಗ. ಅಮ್ಮನಿಗಾದರೂ ಹೇಗೆ ಗೊತ್ತಾಗಬೇಕಿತ್ತು, ಅಲ್ವಾ? ಆದರೂ ಆ ಹುಡುಗಿಗೆ ನಿಜವಾಗಲೂ ನೋಯುತ್ತಿತ್ತು.

ಮುಂದಿನ ವಾರ ತಂಗಿ ಮದುವೆ. ವಾಲಗಕ್ಕೆ ಇಯರ್‌ಪ್ಲಗ್ ಹಾಕಿಕೊಂಡೇ ಕೂರುತ್ತೇನೆ. ಫೋಟೋದಲ್ಲಿ ಕಾಣಿಸಿದರೆ ಕಾಣಿಸಲಿ.