ಇಂಗ್ಲಿಷ್ ಗ್ರಾಮರ್‌ಗೆ ಯಾವ ಆಪ್ ಒಳ್ಳೇದು, ಟೀಚರ್?

ಮಡಿಕೇರಿ ಸಂತೆಯಲ್ಲಿ ಸೊಪ್ಪು ಆರಿಸುತ್ತಾ ನಿಂತಿದ್ದರೂ ಈ ಪ್ರಶ್ನೆ ಬರುತ್ತದೆ. ಬಸ್ಸಿನಲ್ಲಿ ಬರುತ್ತದೆ, ಮದುವೆ ಊಟದ ಸಾಲಿನಲ್ಲಿ ಬರುತ್ತದೆ, ಪೋಷಕರ ಸಭೆಯಲ್ಲಂತೂ ಕೇಳುವುದೇ ಬೇಡ. "ಟೀಚರ್, ಮಗ ಒಂಬತ್ತನೇ ಕ್ಲಾಸು. ಇಂಗ್ಲಿಷ್ ಗ್ರಾಮರ್ ತಲೆಗೇ ಹೋಗ್ತಿಲ್ಲ. ಯಾವ ಆಪ್ ಹಾಕಿಸಲಿ?" ಹೊಸದಾಗಿ ಕೆಲಸಕ್ಕೆ ಸೇರಿದ ಇಂಗ್ಲಿಷ್ ಟೀಚರುಗಳು ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಅವರು ಆಪ್ ಬದಲು ಸ್ಮಾರ್ಟ್ ಕ್ಲಾಸ್ ಅನ್ನುತ್ತಾರೆ, ಅಷ್ಟೆ.

ಯಾವ ಆಪೂ ಬೇಡ. ಫೋನಿನ ಜೊತೆಗೇ ಬರುವ ವಾಯ್ಸ್ ರೆಕಾರ್ಡರ್ ಮತ್ತು ಕ್ಯಾಮೆರಾ ಸಾಕು. ಇದು ನನ್ನ ಉತ್ತರ. ಇಷ್ಟು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನಾನೂ ಹಾಗೇ ಇದ್ದೆ. ಶಾಲೆಗೆ ಪ್ರೊಜೆಕ್ಟರ್ ಬಂದ ವರ್ಷ ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ಹೇಳುವ ಪಾಠಕ್ಕೆ ಎರಡು ರಾತ್ರಿ ಕೂತು 42 ಸ್ಲೈಡ್ ಮಾಡಿದೆ. ಬಣ್ಣ ಬಣ್ಣದ ಬಾಣ, 'ವಿಲ್' ಹಾರಿಹೋಗಿ ಆ ಜಾಗಕ್ಕೆ 'ವುಡ್' ಬಂದು ಕೂರುವ ಆಟ, ಎಲ್ಲಾ ಇತ್ತು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ಏನು ಮಾಡಿದರು ಗೊತ್ತಾ? ಸ್ಲೈಡಿನಲ್ಲಿ ಇದ್ದುದನ್ನೆಲ್ಲಾ ನೋಟ್ಸಿಗೆ ಇಳಿಸಿಕೊಂಡರು! ಬೋರ್ಡ್ ಮೇಲೆ ಬರೆಯುತ್ತಿದ್ದುದು ಗೋಡೆ ಮೇಲೆ ಬಿತ್ತು, ಅಷ್ಟೇ ವ್ಯತ್ಯಾಸ. ಹದಿನೇಳನೇ ಸ್ಲೈಡಿಗೆ ಕರೆಂಟ್ ಹೋಯಿತು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಬೇರೆ, ಮೂರು ದಿನ ವಾಪಸ್ ಬರಲಿಲ್ಲ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಪ್ರೊಜೆಕ್ಟರಿನ ಲೆನ್ಸಿಗೇ ಬೂಷ್ಟು ಹಿಡಿದಿತ್ತು.

ದಾರಿ ಸಿಕ್ಕಿದ್ದು 2020ರಲ್ಲಿ, ಅದೂ ಆಕಸ್ಮಿಕವಾಗಿ. ಶಾಲೆ ಮುಚ್ಚಿತ್ತು. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು. 2017ರಲ್ಲಿ ಶುರುವಾದ ದೀಕ್ಷಾ ಆಪ್ ಕೂಡ ಇತ್ತು, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ವಿಡಿಯೋ ತೆರೆಯುತ್ತಿತ್ತು. ನೆಟ್‌ವರ್ಕ್ ಇದ್ದವರಿಗೆ. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಜನ ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಿತ್ತು. ವಿಡಿಯೋ ಸುತ್ತುತ್ತಲೇ ಇರುತ್ತಿತ್ತು. ಆದರೆ ವಾಟ್ಸಾಪ್‌ನ ವಾಯ್ಸ್ ಮೆಸೇಜ್ ಮಾತ್ರ ಹೇಗೋ ತಲುಪುತ್ತಿತ್ತು, ಒಂದೆರಡು ದಿನ ತಡವಾಗಿಯಾದರೂ. ಒಂದು ಸೋಮವಾರ "ನಾಳೆ ಟೆಸ್ಟ್ ಇದೆ, ಇವತ್ತೇ ಓದಿಕೊಳ್ಳಿ" ಅಂತ ಹೇಳಿ ಕಳಿಸಿದೆ. ಬುಧವಾರ ಒಬ್ಬಳ ಉತ್ತರ ಬಂತು: "ಟೀಚರ್, ನೀವು ನಾಳೆ ಅಂದಿದ್ದು ಯಾವತ್ತು?"

ರಿಪೋರ್ಟೆಡ್ ಸ್ಪೀಚ್ ಅಂದರೆ ಇದೇ ಅಲ್ವಾ! ನನ್ನ 42 ಸ್ಲೈಡಿಗೆ ಆಗದ್ದು ಆ ಒಂದು ಸಾಲಿನಲ್ಲಿ ಇತ್ತು.

ನಮ್ಮ ಮಕ್ಕಳಿಗೆ ಇದು ಯಾಕೆ ಕಷ್ಟ ಅಂತ ಒಂದು ಸಲ ಯೋಚಿಸಿ ನೋಡಿ. ಕನ್ನಡದಲ್ಲಿ "ನಾಳೆ ಬರ್ತೀನಿ ಅಂದ" ಅಂದುಬಿಟ್ಟರೆ ಮುಗಿಯಿತು. ಅವನ ಮಾತನ್ನು ಮುಟ್ಟುವ ಹಾಗೇ ಇಲ್ಲ, ಹಿಂದೆ 'ಅಂದ' ಅಂಟಿಸಿದರೆ ಸಾಕು. "ನಾಳೆ ಬರ್ತಾನಂತೆ" ಅಂದರೆ ಆಳು ಬದಲಾಗುತ್ತಾನೆ, ಕಾಲ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಆಳೂ ಬದಲಾಗಬೇಕು, ಕ್ರಿಯಾಪದ ಒಂದು ಹೆಜ್ಜೆ ಹಿಂದೆ ಸರಿಯಬೇಕು, ನಾಳೆ ಹೋಗಿ 'ಮರುದಿನ' ಆಗಬೇಕು. ಮಗು ದಡ್ಡ ಅಲ್ಲ. ಅದು ಆಡುವ ಭಾಷೆ ಅದರ ಹತ್ತಿರ ಇಷ್ಟೆಲ್ಲಾ ಕೆಲಸ ಯಾವತ್ತೂ ಮಾಡಿಸಿಲ್ಲ.

ಈಗ ಕ್ಲಾಸಿನಲ್ಲಿ ಹೀಗೆ ಮಾಡುತ್ತೇನೆ. ಮಕ್ಕಳು ಶಾಲೆಗೆ ಫೋನ್ ತರುವ ಹಾಗಿಲ್ಲ, ಇರುವುದು ನನ್ನದೊಂದೇ. ಸೋಮವಾರ ಒಬ್ಬಳು ಎದ್ದು ನಿಂತು ರೆಕಾರ್ಡ್ ಮಾಡುತ್ತಾಳೆ: "ಐ ವಿಲ್ ಬ್ರಿಂಗ್ ಮೈ ಅಂಬ್ರೆಲಾ ಟುಮಾರೋ." ಆಮೇಲೆ ಆ ಸುದ್ದಿ ಬಿಟ್ಟುಬಿಡುತ್ತೇವೆ. ಗುರುವಾರ ಅದನ್ನು ಸಣ್ಣ ಬ್ಲೂಟೂತ್ ಸ್ಪೀಕರಿನಲ್ಲಿ ಹಾಕಿ, ಅವಳು ಏನು ಹೇಳಿದಳು ಅಂತ ಕೇಳುತ್ತೇನೆ. ಮೊದಲು ಎದ್ದವನು "ಶಿ ಸೆಡ್ ಐ ವಿಲ್ ಬ್ರಿಂಗ್ ಮೈ ಅಂಬ್ರೆಲಾ" ಅಂದ. ಹಿಂದಿನ ಬೆಂಚಿನಿಂದ "ಯಾರ ಕೊಡೆ ಮಾರಾಯ, ನಿಂದಾ?" ಅಂತ ಬಂತು. ಕ್ಲಾಸೆಲ್ಲಾ ನಗು. 'ಮೈ' ಯಾಕೆ 'ಹರ್' ಆಗಬೇಕು ಅಂತ ನಾನು ವಿವರಿಸುವುದು ತಪ್ಪಿತು. ಟುಮಾರೋ ಅಂದರೆ ಶುಕ್ರವಾರವಾ, ಮಂಗಳವಾರವಾ ಅಂತ ಅವರೇ ಜಗಳವಾಡಿ 'ದ ನೆಕ್ಸ್ಟ್ ಡೇ' ತನಕ ಬಂದರು. ಅದೇ ರೆಕಾರ್ಡಿಂಗನ್ನು ಸೋಮವಾರವೇ ಹಾಕಿದರೆ 'ವಿಲ್' ಮತ್ತು 'ಟುಮಾರೋ' ಹಾಗೇ ಉಳಿದರೂ ಇಂಗ್ಲಿಷಿನಲ್ಲಿ ತಪ್ಪಲ್ಲ. ಗೈಡುಗಳ ಪಟ್ಟಿಯಲ್ಲಿ ಇದನ್ನು ಹೇಳುವುದೇ ಇಲ್ಲ. ಪರೀಕ್ಷೆಯಲ್ಲಿ ಮಾತ್ರ ಬದಲಾಯಿಸಿಯೇ ಬರೆಯಿರಿ ಅಂತ ಕೊನೆಗೆ ಹೇಳಿಬಿಡುತ್ತೇನೆ, ಮಾರ್ಕ್ಸ್ ವಿಷಯದಲ್ಲಿ ಸಾಹಸ ಬೇಡ.

ಪ್ಯಾಸಿವ್ ವಾಯ್ಸ್‌ಗೆ, ಅಂದರೆ ಮಾಡಿದವರನ್ನು ಬಿಟ್ಟು ಆದ ಕೆಲಸವನ್ನು ಮುಂದಿಟ್ಟು ಹೇಳುವುದಕ್ಕೆ, ಕ್ಯಾಮೆರಾ. ಕಾಫಿ ಕೊಯ್ಲಿನ ಸಮಯದಲ್ಲಿ ಮನೆಯವರ ಫೋನಿನಲ್ಲಿ ಒಂದು ನಿಮಿಷದ ವಿಡಿಯೋ ಮಾಡಿ ಕಳಿಸಿ ಅಂದೆ. ಒಂದೇ ಷರತ್ತು, ಯಾರ ಮುಖವೂ ಕಾಣಬಾರದು. ಹಾಗಾಗಿ ಬಂದಿದ್ದೆಲ್ಲಾ ಕೈಗಳೇ. ಕೊಂಬೆ ಬಗ್ಗಿಸಿ ಹಣ್ಣು ಕೊಯ್ಯುವ ಕೈ, ಚೀಲಕ್ಕೆ ಸುರಿಯುವ ಕೈ, ಕಣದಲ್ಲಿ ಹರಡುವ ಕೈ. ಕ್ಲಾಸಿನಲ್ಲಿ ಒಂದೊಂದು ಕಡೆ ನಿಲ್ಲಿಸಿ ಕೇಳಿದೆ.

"ಇಲ್ಲಿ ಏನಾಗ್ತಿದೆ?"

"ಹಣ್ಣು ಕೊಯ್ತಿದ್ದಾರೆ ಟೀಚರ್."

"ಯಾರು?"

"ಯಾರೋ! ಕೈ ಮಾತ್ರ ಕಾಣ್ತದೆ."

ಯಾರು ಅಂತ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಕನ್ನಡದಲ್ಲಿ ಸುಮ್ನೆ "ಕೊಯ್ತಾರೆ, ಒಣಗಿಸ್ತಾರೆ" ಅಂದು ಮುಂದೆ ಹೋಗುತ್ತೇವೆ. "ಕೊಯ್ಯಲ್ಪಡುತ್ತದೆ" ಅನ್ನುವವರನ್ನು ನಾನಂತೂ ಯಾವ ತೋಟದಲ್ಲೂ ನೋಡಿಲ್ಲ. ಆ 'ಕೊಯ್ತಾರೆ'ಯೇ ಇಂಗ್ಲಿಷಿನಲ್ಲಿ 'ದ ಬೆರೀಸ್ ಆರ್ ಪಿಕ್ಡ್'. ರಾಮ ರಾವಣನನ್ನು ಕೊಂದ ಅನ್ನುವುದನ್ನು ತಿರುಗಿಸಿ ಬರೆಸುವುದರಲ್ಲಿ ಏನು ಸಿಗುತ್ತದೆ ಹೇಳಿ? ಕೊಂದವರು ಯಾರು ಅಂತ ಇಡೀ ಊರಿಗೇ ಗೊತ್ತು. ಮಗುವಿಗೆ ಪ್ಯಾಸಿವ್ ಯಾಕೆ ಬೇಕು ಅಂತಲೇ ತಿಳಿಯುವುದಿಲ್ಲ.

ಮುಂದಿನ ಸಾಲು ನಾನೇ ಹೇಳಿಕೊಟ್ಟೆ: 'ದೆನ್ ದೇ ಆರ್ ಪಲ್ಪ್ಡ್', ಅಂದರೆ ಆಮೇಲೆ ಹಣ್ಣಿನ ಸಿಪ್ಪೆ ತೆಗೆಯುತ್ತಾರೆ. ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವರ ಮಗ ಒಬ್ಬ ಕೈ ಎತ್ತಿದ. ಅವನಿಗೆ ಕನ್ನಡವೂ ಹೊಸದೇ. "ಟೀಚರ್, ಇದು ರೊಬಸ್ಟಾ. ನಮ್ಮ ತೋಟದಲ್ಲಿ ಪಲ್ಪ್ ಮಾಡಲ್ಲ, ಹಾಗೇ ಒಣಗಿಸೋದು." ಸರಿ, 'ದೇ ಆರ್ ನಾಟ್ ಪಲ್ಪ್ಡ್' ಅಂತ ತಿದ್ದಿಕೊಂಡೆವು. ನೆಗೆಟಿವ್ ಪಾಠವೂ ಆಯಿತು. ನಮ್ಮ ಒಂದು ಕ್ಲಾಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಎಲ್ಲಾ ಇವೆ. ಎಲ್ಲರಿಗೂ ಗೊತ್ತಿರುವ ವಿಷಯ ಅಂದರೆ ಕಾಫಿ ಒಂದೇ.

ಉಚ್ಚಾರಕ್ಕೆ ಫೋನಿನ ವಾಯ್ಸ್ ಟೈಪಿಂಗ್ ಬಳಸುತ್ತೇನೆ. 'ಶಿಪ್' ಅಂದಾಗ ಪರದೆ ಮೇಲೆ 'ಶೀಪ್' ಅಂತ ಬಿದ್ದರೆ ಮಗು ತಾನೇ ಇನ್ನೊಮ್ಮೆ ಹೇಳುತ್ತದೆ, ನಾನು ತಿದ್ದಿದಾಗ ಆಗುವ ಮುಜುಗರ ಇಲ್ಲ. ಆದರೆ ಅದನ್ನು ಪೂರ್ತಿ ನಂಬಬೇಡಿ. ಇಡೀ ವಾಕ್ಯ ಹೇಳಿದರೆ ಅದು ಅಕ್ಕಪಕ್ಕದ ಪದ ನೋಡಿ ಊಹೆ ಮಾಡಿ, ತಪ್ಪು ಹೇಳಿದ್ದನ್ನೂ ಸರಿಯಾಗಿ ಬರೆದುಬಿಡುತ್ತದೆ. ಬಿಡಿ ಪದ ಸರಿಯಾಗಿ ಹೇಳಿದರೂ ಕೆಲವೊಮ್ಮೆ ಬೇರೇನೋ ಬರೆಯುತ್ತದೆ. ಪಕ್ಕದಲ್ಲಿ ಟೀಚರ್ ಇರಲೇಬೇಕು.

ಇನ್ನೊಂದು, ಜೂನ್‌ನಿಂದ ಆಗಸ್ಟ್‌ವರೆಗೆ ಕೇಳಿಸುವ ಪಾಠ ಇಟ್ಟುಕೊಳ್ಳಬೇಡಿ. ಹೆಂಚಿನ ಮೇಲೆ ಬೀಳುವ ಮಳೆಗೆ ಸ್ಪೀಕರ್ ಇರಲಿ, ನನ್ನ ಗಂಟಲೂ ಸಾಲುವುದಿಲ್ಲ. ಆ ಮೂರು ತಿಂಗಳು ಬರೆಯುವ ಪಾಠ, ಸ್ಪೀಕರ್ ಹೊರಗೆ ಬರುವುದು ಸೆಪ್ಟೆಂಬರ್‌ಗೆ.

ಫೋನಿನಿಂದ ಎಲ್ಲಾ ಆಗುತ್ತದೆ ಅಂತಲೂ ಅಲ್ಲ. 'ಎ', 'ಆನ್', 'ದ' ವಿಷಯದಲ್ಲಿ ನಾನು ಸೋತಿದ್ದೇನೆ. "ನಾಯಿ ಬೊಗಳಿತು" ಅಂದರೆ ಯಾವುದೋ ನಾಯಿಯಾ, ನಮ್ಮ ಮನೆ ನಾಯಿಯಾ ಅಂತ ಕನ್ನಡ ಹೇಳುವುದಿಲ್ಲ, ಕೇಳಿದವರಿಗೆ ಅರ್ಥವೂ ಆಗುತ್ತದೆ. ಇಂಗ್ಲಿಷ್ ಬಿಡುವುದಿಲ್ಲ. ಇದಕ್ಕೆ ರೆಕಾರ್ಡಿಂಗ್ ಮಾಡಿ ನೋಡಿದೆ, ಫೋಟೋ ತೆಗೆಸಿ ನೋಡಿದೆ, ನಮ್ಮ ನಾಯಿಯದ್ದೇ ಒಂದು ವಿಡಿಯೋ ಕೂಡ ಮಾಡಿದೆ. ಮಕ್ಕಳಿಗೆ ನಾಯಿ ಬಹಳ ಇಷ್ಟವಾಯಿತು. ನೋಟ್ಸಿನಲ್ಲಿ ಈಗಲೂ 'ಡಾಗ್ ಇಸ್ ಬಾರ್ಕಿಂಗ್' ಅಂತಲೇ ಇದೆ. ನಿಮ್ಮಲ್ಲಿ ಯಾರಿಗಾದರೂ ಉಪಾಯ ಗೊತ್ತಿದ್ದರೆ ದಯವಿಟ್ಟು ಹೇಳಿ.