ನಾಳೆಯಿಂದ ನೀರು ಬಿಡೋರ್ಯಾರು?

ನಮ್ಮ ದೊಡ್ಡಪ್ಪನವರು ಕೋಲಾರದ ಚಿನ್ನದ ಗಣಿಯ ವಿದ್ಯುತ್ ವಿಭಾಗದಲ್ಲಿ ಕೆಲಸಕ್ಕಿದ್ದರು. ಅವರಿದ್ದ ಮನೆ ಗಣಿಯದು, ನಲ್ಲಿಯ ನೀರು ಗಣಿಯದು, ದೀಪ ಗಣಿಯದು, ಮಕ್ಕಳಿಗೆ ಜ್ವರ ಬಂದರೆ ಹೋಗುತ್ತಿದ್ದ ಆಸ್ಪತ್ರೆಯೂ ಗಣಿಯದೇ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ನಾವು ಬಂಗಾರಪೇಟೆಯಿಂದ ಅವರನ್ನು ಮಾತನಾಡಿಸಲು ಹೋದಾಗ, ಸಂಬಳದ ಮಾತು ಬರುವ ಮೊದಲೇ ದೊಡ್ಡಮ್ಮ ಕೇಳಿದ್ದು, "ನಾಳೆಯಿಂದ ನೀರು ಬಿಡೋರ್ಯಾರು?" ಎಂದು. ಸೋವಿಯತ್ ಒಕ್ಕೂಟ ಮುರಿದ ನಂತರ ರಷ್ಯಾದ ಆರ್ಥಿಕತೆಯನ್ನು ಆಧುನಿಕಗೊಳಿಸುವ ಪ್ರಯತ್ನಗಳು ಏಕೆ ನಡುದಾರಿಯಲ್ಲೇ ನಿಲ್ಲುತ್ತವೆ ಎಂಬುದನ್ನು ಹಲವು ವರ್ಷಗಳಿಂದ ಓದುತ್ತಿರುವ ನನಗೆ, ಆ ಪ್ರಶ್ನೆಯೇ ಮತ್ತೆ ಮತ್ತೆ ಎದುರಾಗುತ್ತದೆ.

ಎಲ್ಲಿ ಏನು ತಯಾರಾಗಬೇಕೆಂದು ಮಾಸ್ಕೋದಲ್ಲೇ ಕುಳಿತು ತೀರ್ಮಾನಿಸುತ್ತಿದ್ದ, 1921ರಲ್ಲಿ ಹುಟ್ಟಿದ ಗೋಸ್‌ಪ್ಲಾನ್ ಎಂಬ ಸೋವಿಯತ್ ಯೋಜನಾ ಸಮಿತಿಯ ಕಾಲದಲ್ಲಿ, ಕಲ್ಲಿದ್ದಲು ಸಿಕ್ಕಲ್ಲಿ ವೋರ್ಕುಟಾ, ನಿಕಲ್ ಸಿಕ್ಕಲ್ಲಿ ನೊರಿಲ್ಸ್ಕ್ ಎಂಬಂತೆ, ಬದುಕಲು ಕಷ್ಟವಾದ ಚಳಿಯಲ್ಲಿಯೂ ಊರುಗಳು ಎದ್ದವು. ಒಂದೇ ಕಾರ್ಖಾನೆಯನ್ನು ನಂಬಿದ ಇಂತಹ ಊರುಗಳು ರಷ್ಯಾದ ಸರ್ಕಾರಿ ಪಟ್ಟಿಯಲ್ಲೇ 300ಕ್ಕೂ ಹೆಚ್ಚಿವೆ. ಅಲ್ಲಿ ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಯಿಂದ ಹಿಡಿದು ಶಿಶುವಿಹಾರದವರೆಗೆ ಬಹುಪಾಲು ಕಾರ್ಖಾನೆಯ ಹೊಣೆಯಾಗಿತ್ತು. ಆದ್ದರಿಂದ ನಷ್ಟದ ಘಟಕವನ್ನು ಮುಚ್ಚಿ ಲಾಭದ ಘಟಕವನ್ನು ಬೆಳೆಸಿ ಎಂಬ ಸಲಹೆ ಕಾಗದದ ಮೇಲೆ ಸರಳವಾಗಿ ಕಂಡರೂ, ಅದರ ಅರ್ಥ ಒಂದು ಊರನ್ನೇ ಚಳಿಗೆ ಬಿಡುವುದು.

ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಸುಮಾರು 250 ಕಿಲೋಮೀಟರ್ ದೂರದ ಪಿಕಾಲ್ಯೋವೊ ಎಂಬ ಪುಟ್ಟ ಊರಿನ ಕಥೆ ಇದನ್ನು ಚೆನ್ನಾಗಿ ತಿಳಿಸುತ್ತದೆ. ಸೋವಿಯತ್ ಕಾಲದಲ್ಲಿ ಅಲ್ಲಿದ್ದದ್ದು ಒಂದೇ ಕಾರ್ಖಾನೆ. ಒಂದು ಭಾಗದಲ್ಲಿ ಅಲ್ಯೂಮಿನಿಯಂಗೆ ಬೇಕಾದ ಅಲ್ಯೂಮಿನಾ ತಯಾರಾದರೆ, ಅದರಲ್ಲಿ ಉಳಿದದ್ದು ಇನ್ನೊಂದು ಭಾಗದ ಸಿಮೆಂಟಿಗೆ ಕಚ್ಚಾವಸ್ತುವಾಗುತ್ತಿತ್ತು. ಖಾಸಗೀಕರಣದ ನಂತರ ಈ ಭಾಗಗಳು ಬೇರೆ ಬೇರೆ ಮಾಲೀಕರ ಪಾಲಾದವು, ಬೆಲೆಯ ವಿಷಯದಲ್ಲಿ ಅವರಿಗೆ ಹೊಂದಿಕೆಯಾಗಲಿಲ್ಲ, ಆರ್ಥಿಕ ಬಿಕ್ಕಟ್ಟು ಬಂದೊಡನೆ ಒಂದರ ಹಿಂದೆ ಒಂದು ನಿಂತವು. ಅನಿಲದ ಬಾಕಿ ಕಟ್ಟಲಾಗದೆ 2009ರ ಮೇ ತಿಂಗಳಲ್ಲಿ ಊರಿನ ಬಿಸಿನೀರೂ ನಿಂತಿತು. ಜನ ಹೆದ್ದಾರಿ ತಡೆದರು. ಜೂನ್‌ನಲ್ಲಿ ಆಗಿನ ಪ್ರಧಾನಿ ಪುಟಿನ್ ಸ್ವತಃ ಬಂದು, ಕ್ಯಾಮೆರಾಗಳ ಮುಂದೆ ಮಾಲೀಕರಿಂದ ಒಪ್ಪಂದಕ್ಕೆ ಸಹಿ ಹಾಕಿಸಿದರು. ನೀರು ಬಂತು, ಸಂಬಳವೂ ಬಂತು. ಆ ಊರಿನ ತಾಯಂದಿರ ಸಮಾಧಾನವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಕಾರ್ಖಾನೆ ಮತ್ತೆ ತಿರುಗಿದ್ದು ಮಾಸ್ಕೋದ ಅಪ್ಪಣೆಯಿಂದಲೇ ಹೊರತು ಹೊಸ ಯಂತ್ರದಿಂದಾಗಲಿ ಹೊಸ ಮಾರುಕಟ್ಟೆಯಿಂದಾಗಲಿ ಅಲ್ಲ. ಯೋಜನಾ ಸಮಿತಿ ಹೋಗಿತ್ತು, ಅಪ್ಪಣೆಗಾಗಿ ಕಾಯುವ ರೂಢಿ ಉಳಿದಿತ್ತು.

ಎರಡನೆಯ ತೊಡಕು ನೆಲದೊಳಗಿನ ಸಂಪತ್ತೇ. ಪಶ್ಚಿಮ ಸೈಬೀರಿಯಾದ ಸಮೊತ್ಲೋರ್ ತೈಲಕ್ಷೇತ್ರ 1965ರಲ್ಲಿ ಪತ್ತೆಯಾಯಿತು, 1973ರಲ್ಲಿ ತೈಲದ ಬೆಲೆ ಏರಿತು. ಆ ಹಣದಿಂದ ಧಾನ್ಯವನ್ನೂ ಯಂತ್ರಗಳನ್ನೂ ಹೊರಗಿನಿಂದ ತರಿಸಿಕೊಳ್ಳಬಹುದಾದಾಗ ಸುಧಾರಣೆಯ ಅಗತ್ಯವೇ ಕಾಣಲಿಲ್ಲ. 1986ರಲ್ಲಿ ಬೆಲೆ ಕುಸಿದಾಗ ಅಗತ್ಯ ಕಂಡಿತು, ಹಣವಿರಲಿಲ್ಲ. ಇಪ್ಪತ್ತು ವರ್ಷಗಳ ನಂತರ ಇದೇ ಮರುಕಳಿಸಿತು. 2004ರಲ್ಲಿ ತೈಲದ ಹಣವನ್ನು ಕಷ್ಟಕಾಲಕ್ಕೆಂದು ಕೂಡಿಡುವ ಸ್ಥಿರೀಕರಣ ನಿಧಿ ಸ್ಥಾಪಿಸಿದ್ದು ವಿವೇಕದ ಕೆಲಸ. ಅದಿಲ್ಲದಿದ್ದರೆ 2008ರ ಜುಲೈನಲ್ಲಿ 147 ಡಾಲರ್ ಇದ್ದ ಬ್ಯಾರೆಲ್ ವರ್ಷಾಂತ್ಯಕ್ಕೆ 40ಕ್ಕಿಂತ ಕೆಳಗಿಳಿದಾಗ ಹಾನಿ ಇನ್ನೂ ಹೆಚ್ಚಾಗುತ್ತಿತ್ತು. ಆದರೂ 2009ರಲ್ಲಿ ಆರ್ಥಿಕತೆ ಶೇಕಡಾ 8ರಷ್ಟು ಕುಗ್ಗಿತು. ಆಗಿನ ಅಧ್ಯಕ್ಷ ಮೆಡ್ವೆಡೆವ್ ಕಚ್ಚಾವಸ್ತುವಿನ ಅವಲಂಬನೆಯನ್ನು ಖಂಡಿಸಿ ಲೇಖನ ಬರೆದರು, ಮರುವರ್ಷ ಸ್ಕೋಲ್ಕೊವೊ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಅಷ್ಟರಲ್ಲಿ ತೈಲದ ಬೆಲೆ ಮತ್ತೆ ಏರಿತ್ತು.

ಆಸ್ತಿಯ ಭದ್ರತೆಯ ಪ್ರಶ್ನೆಯೂ ಇದೆ. 1995ರಲ್ಲಿ ಸರ್ಕಾರ ಸಾಲಕ್ಕೆ ತನ್ನ ಷೇರುಗಳನ್ನು ಒತ್ತೆಯಿಟ್ಟ ಹೆಸರಿನಲ್ಲಿ ತೈಲ, ನಿಕಲ್ ಕಂಪನಿಗಳು ಕೆಲವೇ ಬ್ಯಾಂಕುಗಳವರ ಕೈಸೇರಿದವು. 2003ರಲ್ಲಿ ಯುಕೋಸ್ ಎಂಬ ತೈಲ ಕಂಪನಿಯ ಒಡೆಯ ಖೋಡೊರ್ಕೊವ್ಸ್ಕಿಯವರ ಬಂಧನವಾಗಿ, ಮರುವರ್ಷ ಆ ಕಂಪನಿಯ ಮುಖ್ಯ ಭಾಗ ಸರ್ಕಾರಿ ತೈಲ ಸಂಸ್ಥೆಯ ಪಾಲಾಯಿತು. ಅಧಿಕಾರದ ಕೃಪೆಯಿಂದ ಬಂದದ್ದು ಅದು ಮುನಿದರೆ ಹೋಗುತ್ತದೆ ಎಂದು ಗೊತ್ತಿರುವವನು ಇಪ್ಪತ್ತು ವರ್ಷಕ್ಕೆ ಫಲಕೊಡುವ ಕಾರ್ಖಾನೆಗೆ ಹಣ ಹೂಡುವುದಿಲ್ಲ.

ಯಂತ್ರ ತಂದರೆ ಆಧುನಿಕತೆ ಬರುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ರಷ್ಯಾದ ತೊಲ್ಯಾಟಿ ಊರಿನ ಕಾರು ಕಾರ್ಖಾನೆ ಇಟಲಿಯ ಫಿಯಟ್ ನೆರವಿನಿಂದ 1970ರಲ್ಲಿ ಉತ್ಪಾದನೆ ಆರಂಭಿಸಿತು. 2022ರಲ್ಲಿ ಹೊರಗಿನ ಬಿಡಿಭಾಗಗಳು ನಿಂತಾಗ ಅಲ್ಲಿಂದ ಏರ್‌ಬ್ಯಾಗ್ ಇಲ್ಲದ ಲಾಡಾ ಕಾರುಗಳು ಹೊರಬಂದವು. ನಮ್ಮ ಗಣಿ ಬ್ರಿಟಿಷ್ ಕಂಪನಿ ಕಟ್ಟಿದ್ದು, ಅದರ ಚರಿತ್ರೆ ಬೇರೆ. ಆದರೂ 1902ರಲ್ಲಿ ಸುಮಾರು 150 ಕಿಲೋಮೀಟರ್ ದೂರದ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂದಿತ್ತು, ಬೆಂಗಳೂರಿನ ಬೀದಿಗಳಿಗಿಂತ ಮೊದಲೇ. ಗಣಿಯಿಂದ ಕೆಲವೇ ಮೈಲಿ ದೂರದ ನಮ್ಮಜ್ಜಿಯ ಊರಿನಲ್ಲಿ ಮಾತ್ರ ಅವರ ಮಕ್ಕಳೆಲ್ಲ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲೇ ಓದಿದರು.

ದೊಡ್ಡಪ್ಪನವರ ಮಗ ಈಗ ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾನೆ. ಆರ್ಕ್ಟಿಕ್ ವೃತ್ತದಿಂದಾಚೆಗಿನ ವೋರ್ಕುಟಾದಲ್ಲಿ ಗಣಿ ಮುಚ್ಚಿ ಕೆಲಸ ಕಳೆದುಕೊಂಡವನಿಗೆ ಬೆಳಗ್ಗೆ ಹೋಗಿ ರಾತ್ರಿ ಮರಳುವಷ್ಟು ಹತ್ತಿರದಲ್ಲಿ ಯಾವ ಬೆಂಗಳೂರೂ ಇಲ್ಲ.